ಮಕ್ಕಳಿಗೆ ವಿದ್ಯುತ್ ಮಂಡಲ ಮಾಡಿಸಿದವರು ಹೇಳಿ

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಬೇಸಿಗೆ ರಜೆಗೆ ಐದು, ಆರನೆಯ ತರಗತಿಯ ಹನ್ನೆರಡು ಮಕ್ಕಳಿಂದ ವಿದ್ಯುತ್ ಮಂಡಲ (ಸರ್ಕ್ಯೂಟ್) ಮಾಡಿಸಬೇಕೆಂದಿದ್ದೇನೆ. ಪ್ರಯೋಗಾಲಯವಿಲ್ಲ, ಹಣವೂ ಕಡಿಮೆ. ಎಲ್ಲಿಂದ ಆರಂಭಿಸಲಿ?

ವಿಜ್ಞಾನ ಶಿಕ್ಷಕಿ: ಮೊದಲ ದಿನ ಹೋಲ್ಡರ್, ಸ್ವಿಚ್ ಏನನ್ನೂ ಕೊಡಬೇಡಿ ಮೇಡಂ. ಇಬ್ಬರಿಗೊಂದು 1.5 ವೋಲ್ಟ್ ಸೆಲ್, ಒಂದು ಟಾರ್ಚ್ ಬಲ್ಬ್, ಗೇಣುದ್ದದ ಒಂದೇ ಒಂದು ವೈರು. "ಹೊತ್ತಿಸಿ" ಎಂದು ಹೇಳಿ ಸುಮ್ಮನೆ ಕುಳಿತುಬಿಡಿ. ಕೈ ಹಾಕದೆ ಕೂರುವುದು ನನಗೆ ಈಗಲೂ ಕಷ್ಟ. ಹೆಚ್ಚಿನ ಮಕ್ಕಳು ಬಲ್ಬಿನ ಬುಡಕ್ಕೆ ವೈರಿನ ಒಂದು ತುದಿ ತಾಗಿಸಿ, ಇನ್ನೊಂದನ್ನು ಸೆಲ್ಲಿಗೆ ಹಿಡಿದು ಕಾಯುತ್ತಾರೆ. ನಲ್ಲಿಯಿಂದ ನೀರು ಬಂದ ಹಾಗೆ ಕರೆಂಟು ಬಂದರೆ ಸಾಕು ಎಂದು ಅವರ ಎಣಿಕೆ. ಹಿಂದಿರುಗುವ ದಾರಿಯೂ ಬೇಕೆಂಬುದು ಹೊಳೆಯುವುದಿಲ್ಲ. ಹಾಗೂ ಹೀಗೂ ತಿರುಗಿಸುವಾಗ ಯಾರೋ ಒಬ್ಬರು ಬಲ್ಬಿನ ಬುಡವನ್ನು ಸೆಲ್ಲಿನ ಮೇಲೆ ಊರಿ, ವೈರನ್ನು ಸೆಲ್ಲಿನ ಕೆಳತುದಿಯಿಂದ ತಂದು ಬಲ್ಬಿನ ಲೋಹದ ಕವಚಕ್ಕೆ ಮುಟ್ಟಿಸುತ್ತಾರೆ. ಬೆಳಕು ಮಂದವಾಗಿರುತ್ತದೆ, ಕಿಟಕಿ ಮುಚ್ಚಿಡಿ. ಆಮೇಲೆ ಹೊತ್ತಿದ ಜೋಡಣೆ, ಹೊತ್ತದ ಜೋಡಣೆ ಎರಡರ ಚಿತ್ರವನ್ನೂ ಬರೆಸಿ. ಮಂಡಲ ಎಂಬ ಪದವನ್ನು ನಾನು ಆಗಲೇ ಹೇಳುವುದು. ಸೆಲ್ಲಿನ ಎರಡು ತುದಿಗಳಿಗೂ ವೈರು ನೇರವಾಗಿ ತಾಗಿದರೆ ಬಿಸಿಯಾಗುತ್ತದೆ, ತಕ್ಷಣ ಬಿಡಬೇಕೆಂದು ಮುಂಚೆಯೇ ತಿಳಿಸಿ.

ಇಬ್ಬರು ಮಕ್ಕಳ ತಂದೆ: ನಿಂಬೆಹಣ್ಣನ್ನೇ ಸೆಲ್ಲಿನಂತೆ ಬಳಸುವ ಪ್ರಯೋಗ ಮಾಡುವುದಾದರೆ ಟಾರ್ಚ್ ಬಲ್ಬ್ ಹೊತ್ತೀತೆಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಸತು ಲೇಪಿಸಿದ ಮೊಳೆ, ತಾಮ್ರದ ತಂತಿ ಚುಚ್ಚಿದ ಒಂದು ಹಣ್ಣಿನಿಂದ ಸಿಗುವುದು ಸುಮಾರು 0.9 ವೋಲ್ಟ್. ಹರಿಯುವ ವಿದ್ಯುತ್ತೂ ತೀರಾ ಅಲ್ಪ. ನಾವು ನಾಲ್ಕು ಹಣ್ಣುಗಳನ್ನು ಸಾಲಾಗಿ ಜೋಡಿಸಿ, ಕೆಂಪು ಎಲ್‌ಇಡಿಯ ಉದ್ದ ಕಾಲನ್ನು ತಾಮ್ರದ ಕಡೆಗೆ ಕೊಟ್ಟೆವು. ಕತ್ತಲೆ ಕೋಣೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಕಾಣಿಸಿತು. ಕಾಲು ಅದಲುಬದಲಾದರೆ ಅದೂ ಇಲ್ಲ. ಹಳೆಯ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯಾದರೆ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಲೇಬೇಕು. ಮೇಲಿರುವ ತೆಳು ಲೇಪ ವಿದ್ಯುತ್ತನ್ನು ಬಿಡುವುದಿಲ್ಲ. ಇದು ಗೊತ್ತಿಲ್ಲದೆ ನಾವು ಒಂದು ಸಂಜೆಯನ್ನೇ ಕಳೆದೆವು. ಆ ಹಣ್ಣುಗಳನ್ನು ಪಾನಕಕ್ಕೆ ಬಳಸಬೇಡಿ, ಸತು ಕರಗಿರುತ್ತದೆ.

ಎಲೆಕ್ಟ್ರಿಷಿಯನ್: ಇಷ್ಟೆಲ್ಲ ಮಾಡಿ ಮನೆಗೆ ಹೋದ ಮಗು ಅದೇ ವೈರನ್ನು ಪ್ಲಗ್ಗಿನ ತೂತಿಗೆ ಹಾಕೀತು, ನನಗಿರುವ ಭಯ ಅದೊಂದೇ. ಸೆಲ್ಲಿನ 1.5 ವೋಲ್ಟ್ ಎಷ್ಟು, ಗೋಡೆಯ 230 ವೋಲ್ಟ್ ಎಷ್ಟು ಎಂದು ಹಲಗೆಯ ಮೇಲೆ ದೊಡ್ಡದಾಗಿ ಬರೆದು ಮೊದಲ ದಿನವೇ ತೋರಿಸಿ. ನಾಣ್ಯದಂತಹ ಗುಂಡಿ ಸೆಲ್ ತರುವುದೇ ಬೇಡ. ಜೊತೆಗೆ ಬರುವ ತಮ್ಮ ತಂಗಿಯರು ನುಂಗಿದರೆ ಗಂಟಲು, ಅನ್ನನಾಳ ಸುಟ್ಟುಹೋಗುತ್ತವೆ. ತಂದರೂ ಎಣಿಸಿ ಕೊಡಿ, ಎಣಿಸಿಯೇ ವಾಪಸು ಪಡೆಯಿರಿ.