ಅಪ್‌ಡೇಟ್: ಲೋಡ್ ಏರಿದ್ದಕ್ಕೆ ಕಾರಣ ಸಿಪಿಯು ಅಲ್ಲ
ಸಿಪಿಯು ಅರ್ಧಕ್ಕಿಂತ ಜಾಸ್ತಿ ಖಾಲಿ ಇದ್ದರೂ ರಾತ್ರಿ ನಮ್ಮ ಸರ್ವರ್‌ನ ಲೋಡ್ ಆವರೇಜ್ (ಓಡುತ್ತಿರುವ ಅಥವಾ ಕಾಯುತ್ತಿರುವ ಪ್ರೊಸೆಸ್‌ಗಳ, ಅಂದ್ರೆ ಪ್ರೋಗ್ರಾಂಗಳ, ಸರಾಸರಿ ಸಂಖ್ಯೆ) ಯಾಕೆ ಏರುತ್ತದೆ, ಹೊಸ ಸರ್ವರ್ ಬೇಕಾ ಅಂತ ಕೇಳಿದ್ದೆ. ಉತ್ತರ ಸಿಕ್ಕಿತು. ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾಯುತ್ತಾ ನಿಂತ ಪ್ರೊಸೆಸ್‌ಗಳೂ ಲೋಡ್ ಲೆಕ್ಕಕ್ಕೆ ಸೇರುತ್ತವೆ!

ನೀವು ಹೇಳಿದಂತೆ ವಿಎಂಸ್ಟ್ಯಾಟ್ (ಸಿಪಿಯು, ಡಿಸ್ಕ್ ಏನು ಮಾಡುತ್ತಿವೆ ಅಂತ ತೋರಿಸುವ ಕಮಾಂಡ್) ಹಾಕಿಕೊಂಡು ಕೂತೆ. 2 ಗಂಟೆಗೆ ಬ್ಯಾಕಪ್ ಶುರುವಾಯಿತು. 'ಡಬ್ಲ್ಯುಎ' ಕಾಲಂ, ಅಂದ್ರೆ ಡಿಸ್ಕ್‌ಗಾಗಿ ಕಾಯುತ್ತಾ ಸಿಪಿಯು ಖಾಲಿ ಕೂತ ಸಮಯ ಶೇಕಡಾ ಎಷ್ಟು ಅನ್ನುವುದು, 3ರಿಂದ ಸೀದಾ 60ಕ್ಕೆ ಹೋಯಿತು. ಅದೇ ಹೊತ್ತಿಗೆ ಡೇಟಾಬೇಸ್ ರಿಪೋರ್ಟ್ ಕೂಡ ಓಡುತ್ತಿತ್ತು. ಅದನ್ನು 4 ಗಂಟೆಗೆ ತಳ್ಳಿದೆ, ಲೋಡ್ ಇಳಿಯಿತು.

ಹೊಸ ಸರ್ವರ್ ಸದ್ಯಕ್ಕೆ ಬೇಡ. ಆದರೆ ಡಿಸ್ಕ್ ಜಾಗ ದಿನಕ್ಕೆ 4 ಜಿಬಿ ತುಂಬುತ್ತಿದೆ, ಉಳಿದಿರುವುದು 480. ಅಂದ್ರೆ 120 ದಿನ, ಅದೂ ಬಳಕೆ ಹೀಗೇ ಇದ್ದರೆ. ಹೊಸ ಡಿಸ್ಕ್‌ಗೆ ಈ ವಾರವೇ ಬರೆದು ಕೊಡುತ್ತೇನೆ. ಸಹಾಯ ಮಾಡಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.