ಸ್ಲಾಕ್‌ಗೆ (ಆಫೀಸ್ ಚಾಟ್ ಆ್ಯಪ್) ಎಸ್‌ಎಸ್‌ಒ (ಒಂದೇ ಲಾಗಿನ್‌ನಲ್ಲಿ ಎಲ್ಲ ಆ್ಯಪ್): 50105 ಎರರ್ ಬರ್ತಿದೆ

ಪ್ರಶ್ನೆ (ಬೆಳ್ಳಂದೂರು, ಬೆಂಗಳೂರು):
ಕ್ಲೈಂಟ್ ಸರ್ವೀಸಸ್ ಟೀಮಿನ 40 ಜನಕ್ಕೆ ಎಂಟ್ರಾ ಐಡಿ (ಮೈಕ್ರೋಸಾಫ್ಟ್‌ನ ಲಾಗಿನ್ ಸೇವೆ) ಮೂಲಕ ಸ್ಯಾಮಲ್ (ಎಸ್‌ಎಸ್‌ಒ ಮಾಡೋ ಒಂದು ವಿಧಾನ) ಹಾಕ್ತಿದೀನಿ. ನನಗೆ ಲಾಗಿನ್ ಆಗತ್ತೆ, ಉಳಿದವರಿಗೆ ಎಎಡಿಎಸ್‌ಟಿಎಸ್ 50105. ಸ್ಲಾಕ್‌ನಲ್ಲಿ ಗೆಸ್ಟ್ ಆಗಿರೋ ಕ್ಲೈಂಟ್‌ಗಳ ಗತಿ ಏನು?

ಉತ್ತರ 1:
ಅವರನ್ನ ಆ್ಯಪ್‌ಗೆ ಅಸೈನ್ ಮಾಡಿಲ್ಲ ಅಂತ ಅರ್ಥ ಸರ್. ಎಂಟ್ರಾದ ಎಂಟರ್‌ಪ್ರೈಸ್ ಅಪ್ಲಿಕೇಶನ್ಸ್‌ನಲ್ಲಿ ಸ್ಲಾಕ್ ತೆಗೆದು, ಯೂಸರ್ಸ್ ಅಂಡ್ ಗ್ರೂಪ್ಸ್‌ಗೆ ಟೀಮಿನ ಗ್ರೂಪ್ ಸೇರಿಸಿ. ಗ್ರೂಪಿನೊಳಗೆ ಇನ್ನೊಂದು ಗ್ರೂಪ್ ಇದ್ರೆ ಒಳಗಿನವರಿಗೆ ಅಸೈನ್ ಆಗಲ್ಲ. ತುಂಬಾ ಜನ ಎಡವೋದು ಇಲ್ಲೇ.

ಉತ್ತರ 2:
ಸ್ಲಾಕ್‌ನಲ್ಲಿ ಗೆಸ್ಟ್‌ಗಳನ್ನ ಬಿಟ್ಟು ಉಳಿದೆಲ್ಲರಿಗೂ ಎಸ್‌ಎಸ್‌ಒ ಕಡ್ಡಾಯ ಮಾಡೋ ಆಯ್ಕೆ ಇದೆ. ಆದ್ರೆ ಮೊದಲು ಆಪ್ಷನಲ್ ಇಟ್ಟು ಇಬ್ಬರಿಂದ ಟೆಸ್ಟ್ ಮಾಡಿಸಿ. ಇಮೇಲ್ ಎಂಟ್ರಾ, ಸ್ಲಾಕ್ ಎರಡೂ ಕಡೆ ಒಂದೇ ಇರಲಿ, ಇಲ್ಲಾಂದ್ರೆ ಹಳೇ ಖಾತೆಗೆ ಸೇರದೆ ಹೊಸದು ಹುಟ್ಕೊಳ್ಳತ್ತೆ.

ಉತ್ತರ 3:
ಎಂಟ್ರಾದ ಸೈನಿಂಗ್ ಸರ್ಟಿಫಿಕೇಟ್ (ಲಾಗಿನ್ ಎಂಟ್ರಾದಿಂದಲೇ ಬಂತು ಅಂತ ಸ್ಲಾಕ್‌ಗೆ ಖಾತ್ರಿ ಕೊಡೋದು) ಡೀಫಾಲ್ಟಾಗಿ 3 ವರ್ಷ ನಡೆಯತ್ತೆ. ಹೊಸದು ಮಾಡಿದಾಗ ಸ್ಲಾಕ್‌ಗೂ ಅಂಟಿಸೋದು ಮರೀಬೇಡಿ.