ಮೂರನೇ ಅಡ್ಡರಸ್ತೆ ಗುಂಪು, ಕಾರವಾರ: ಮತ್ತೆ ಅದೇ ಟಿಸಿ

ನಂ. 11, ಬೆಳಿಗ್ಗೆ 5:42
ರಾತ್ರಿ ಎಂಟಕ್ಕೆ ಹೋದ ಕರೆಂಟು ಇನ್ನೂ ಬಂದಿಲ್ಲ. ಮತ್ತೆ ಅದೇ ಟಿಸಿ, ಬೀದಿಯ ಟ್ರಾನ್ಸ್‌ಫಾರ್ಮರ್! ಇನ್ವರ್ಟರ್ ಎರಡು ಗಂಟೆಗೇ ಕೂಗಿ ಕೂಗಿ ಸತ್ತಿತು. ಮಳೆಗಾಲಕ್ಕೆ ಬೋಟು ಬಂದ್ ಆಗುವ ಮೊದಲು ತಂದಿಟ್ಟ ಇಸ್ವಾಣ ಮೀನು ನೀರು ಬಿಟ್ಟು ಅಡುಗೆಮನೆ ತುಂಬ ವಾಸನೆ. ಅತ್ತೆಯ ಇನ್ಸುಲಿನ್ನೂ ಅದೇ ಫ್ರಿಜ್ಜಲ್ಲಿದೆ. ಈ ಗುಂಪು ಇರುವುದು ಗುಡ್ ಮಾರ್ನಿಂಗ್ ಹೂವು ಕಳಿಸಲಿಕ್ಕೆ ಮಾತ್ರವಾ?

ನಂ. 4
ಹಲಸಿನ ಕೊಂಬೆ ಲೈನಿಗೆ ತಾಗುತ್ತದೆ, ಕಡಿಸಿ ಅಂತ ಮೇ ತಿಂಗಳಲ್ಲೇ ಹೇಳಿದ್ದೆ.

ನಂ. 7
ಹಣ್ಣು ಹಂಚಿದಾಗ ಕೊಂಬೆ ನೆನಪಾಗಲಿಲ್ಲ ಅಲ್ವಾ ಅಕ್ಕಾ?

ಮಹಡಿ ಮನೆ
ಕೊಂಬೆ ಬಿಡಿ. ದೊಡ್ಡದು ಬರುವುದಿದೆ. 1962ರ ಜುಲೈ 9ರಂದು ಅಮೆರಿಕದವರು ಪೆಸಿಫಿಕ್ ಮೇಲೆ 400 ಕಿ.ಮೀ. ಎತ್ತರದಲ್ಲಿ ಅಣುಬಾಂಬ್ ಸಿಡಿಸಿದರು. ಅದರ ವಿದ್ಯುತ್ಕಾಂತೀಯ ಹೊಡೆತಕ್ಕೆ ಸುಮಾರು 1,400 ಕಿ.ಮೀ. ಆಚೆ ಹವಾಯಿಯಲ್ಲಿ ಬೀದಿದೀಪ ಆರಿದವು! ನಮ್ಮಲ್ಲಿ ಈ ಕಡೆ ನೌಕಾನೆಲೆ, ಆ ಕಡೆ ಕೈಗಾ ಅಣುಸ್ಥಾವರ.

ನಂ. 7
ನಮ್ಮ ಬೀದಿದೀಪ ಆರಿಸಲಿಕ್ಕೆ ಬಾಂಬ್ ಯಾಕೆ ಮಾಮ, ಕಾಗೆ ಕೂತರೆ ಸಾಕು.

ಮಹಡಿ ಮನೆ
ನಗಬೇಡಿ. 2012ರ ಜುಲೈಯಲ್ಲಿ ಉತ್ತರ ಭಾರತ ಕತ್ತಲಾಯಿತು. ನಾವು ಉಳಿದೆವು, ಯಾಕಂದ್ರೆ ದಕ್ಷಿಣದ ಗ್ರಿಡ್ ಬೇರೆ ಇತ್ತು. 2013ರ ಡಿಸೆಂಬರ್ 31ಕ್ಕೆ ಎರಡನ್ನೂ ಜೋಡಿಸಿದರು. ಬಾಂಬಿನ ಆ ಹೊಡೆತ ತಾಗದ ಹಾಗೆ ಒಂದು ರೇಡಿಯೋವನ್ನು ರಟ್ಟಿನಲ್ಲಿ ಸುತ್ತಿ ತಗಡಿನ ಬಿಸ್ಕತ್ ಡಬ್ಬದಲ್ಲಿಡಿ. ಮುಚ್ಚಳದಲ್ಲಿ ಸಂದು ಇರಬಾರದು.

ನಂ. 4
ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ. ಕರೆಂಟು ನಮ್ಮ ತಾಲೂಕಿನದು, ಕತ್ತಲೂ ನಮ್ಮದೇ.

ಬಾವಿ ಮನೆ
ಫಾರ್ವರ್ಡ್: ಸೂರ್ಯನಿಂದ ಮೂರು ದಿನ ಜಗತ್ತೇ ಕತ್ತಲು!! ಹತ್ತು ಜನಕ್ಕೆ ಕಳಿಸಿ 🙏🙏

ಮಾಸ್ತರ್
ಆಯಿ, ಅದು ಹಳೇ ಸುಳ್ಳು. ಸೌರ ಬಿರುಗಾಳಿ ನಿಜ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ 9 ಗಂಟೆ ಕತ್ತಲಲ್ಲಿತ್ತು. ಆದರೆ ಅದು ಹಿಡಿಯುವುದು ಉದ್ದದ ಲೈನು, ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು, ನಿಮ್ಮ ಕೈಯ ಮೊಬೈಲನ್ನಲ್ಲ. ಬಾಂಬಿನದು ಬೇರೆ, ಅದು ಮೊಬೈಲನ್ನೂ ಕೆಡಿಸಬಹುದು. ಯಾವುದೇ ಬರಲಿ, ಮನೆಯಲ್ಲಿ ಮೊದಲು ನಿಲ್ಲುವುದು ನೀರು. ಪಂಪಿಲ್ಲದಿದ್ದರೆ ಟ್ಯಾಂಕ್ ಎಷ್ಟು ಹೊತ್ತು?
ನಂ. 11, ಇನ್ಸುಲಿನ್ ಬಗ್ಗೆ ಗಾಬರಿ ಬೇಡ. ಜಾಸ್ತಿ ಬಿಸಿ ಇಲ್ಲದ ಕೋಣೆಯಲ್ಲಿ ಸಾಮಾನ್ಯವಾಗಿ 4 ವಾರ ತಡೆಯುತ್ತದೆ, ಬಾಟಲಿಯ ಚೀಟಿ ಒಮ್ಮೆ ನೋಡಿ. ಒದ್ದೆ ಬಟ್ಟೆ ಸುತ್ತಿದ ಮಡಕೆ ಬೇಸಿಗೆಗೆ ಸರಿ. ಈ ಮಳೆಯ ತೇವದಲ್ಲಿ ಅದು ತಂಪಾಗುವುದಿಲ್ಲ.

ನಂ. 4
ಹಾಗಾದ್ರೆ ಬಾವಿಗೆ ರಾಟೆ ಹಾಕೋಣ. ಹಳೇದು ಎಲ್ಲಿ ಆಯಿ?

ಬಾವಿ ಮನೆ
ಮೋಟರ್ ಕೂರಿಸಿದಾಗ ಬಿಚ್ಚಿದ್ದು. ಗುಜರಿಯವನು ಒಯ್ದ.

ಮಾಸ್ತರ್
ಮನೆಗೆ 200 ರೂಪಾಯಿ ಹಾಕಿದರೆ ರಾಟೆ, ಹಗ್ಗ, ಎರಡು ಕೊಡಪಾನ ಬರುತ್ತದೆ.

ನಂ. 9
ನಮ್ಮಲ್ಲಿ ಬೋರ್ ಇದೆ. ನಾವ್ಯಾಕೆ ಕೊಡಬೇಕು?

ನಂ. 7
ಬೋರನ್ನು ಕೈಯಲ್ಲಿ ಎಳೆಯುತ್ತೀರಾ ಭಾವ?

ಮಹಡಿ ಮನೆ
ರಾಟೆಗಿಂತ ಮೊದಲು ಡಬ್ಬ. ಯಾರ ಹತ್ತಿರ ಡಬ್ಬ ಇದೆ, ಕೈ ಎತ್ತಿ.

ಬಾವಿ ಮನೆ
ನಮ್ಮಲ್ಲಿದೆ. ಚಕ್ಕುಲಿ ತುಂಬಿದೆ.

ನಂ. 9
ರಾಟೆ ಹಾಕಿದರೂ ಆ ನೀರು ಕುಡಿಯುವವರು ಯಾರು? ಕಟ್ಟೆಗೆ ತಾಗಿಯೇ ಚರಂಡಿ, ಅದರಲ್ಲಿ ಮೀನಿನ ತಲೆ ತೇಲುತ್ತಿದೆ. ನಿನ್ನೆ ಫೋಟೋ ಹಾಕಿದ್ದೆ, ಒಬ್ಬರೂ ಮಾತಾಡಲಿಲ್ಲ.

ನಂ. 4
ತಲೆ ಎಸೆಯುವವರು ಯಾರು ಅಂತ ಎಲ್ಲರಿಗೂ ಗೊತ್ತು. ಹೆಸರು ಬೇಡ.

ನಂ. 11
ನನಗೇ ಹೇಳಿದ್ದಾ ಅಕ್ಕಾ? ನಮ್ಮ ಇಸ್ವಾಣದ ತಲೆ ಇನ್ನೂ ಫ್ರಿಜ್ಜಲ್ಲೇ ಇದೆ, ಬಂದು ನೋಡಿ.

ಅಡ್ಮಿನ್
ಜಗಳ ಸಾಕು. ಭಾನುವಾರ 10ಕ್ಕೆ ಬಾವಿ ಕಟ್ಟೆ ಹತ್ತಿರ ಎಲ್ಲರೂ ಸೇರೋಣ. ವಿಷಯ: ಚರಂಡಿ.

ಮಾಸ್ತರ್
ರಾಟೆ?

ಅಡ್ಮಿನ್
ಮುಂದಿನ ಸಲ ನೋಡೋಣ ಮಾಸ್ತರ್.

ನಂ. 7, 9:17
ಕರೆಂಟ್ ಬಂತು!! 🎉

ನಂ. 7, 9:19
ಹೋಯ್ತು.